ವರ್ಷಕ್ಕೊಂದು ವಾರದ ಮನೆ: ಕಂಪೆನಿಯಿಂದಲೋ, ಕೈಬದಲಾಗಿಯೋ?

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಹೋಟೆಲೊಂದಕ್ಕೆ ನಮಗೆ ಆಹ್ವಾನ ಬಂದಿತು. ದಂಪತಿಗಳಾಗಿಯೇ ಬರಬೇಕು, ಬಂದವರಿಗೆ ಉಡುಗೊರೆ ನಿಶ್ಚಿತ ಎಂಬುದು ಅದರ ಒಕ್ಕಣೆ. ಕಾಫಿಯ ಉಪಚಾರವಾದ ಮೇಲೆ ಸೂಟು ತೊಟ್ಟ ತರುಣನೊಬ್ಬನು ಬೆಟ್ಟ, ಕಡಲು, ಕಾಫಿತೋಟಗಳ ಚಿತ್ರಗಳನ್ನು ತೋರಿಸಿ, ಇಪ್ಪತ್ತೈದು ವರ್ಷಗಳವರೆಗೆ ವರ್ಷಕ್ಕೊಂದು ವಾರದ ವಿಶ್ರಾಂತಿಯನ್ನು ನಮಗೆ ಮಾರಲು ಹವಣಿಸಿದನು. “ಈ ಬೆಲೆ ಇವತ್ತು ರಾತ್ರಿಗೆ ಮಾತ್ರ, ಸಾರ್” ಎಂದನು. ನನ್ನ ಪತ್ನಿ ಕೇಳಿದಳು: “ನಮಗೆ ಬೇಡವಾದ ದಿನ ಇದೇ ಬೆಲೆಗೆ ನೀವು ವಾಪಸು ತೆಗೆದುಕೊಳ್ಳುತ್ತೀರಾ?” ತರುಣನು ನಕ್ಕು ಮಾತು ಮರೆಸಿದನು.

ಆ ನಗೆಯ ಅರ್ಥ ನನಗೆ ತಿಳಿದುದು ಸೋದರಮಾವನ ಮನೆಯಲ್ಲಿ. ನಿವೃತ್ತಿಯ ಹಣದಲ್ಲಿ ಅವರೂ ಇಂಥದೇ ಒಂದು ಸದಸ್ಯತ್ವ ಕೊಂಡಿದ್ದರು. ಎರಡು ವರ್ಷ ಹೋಗಿಬಂದರು, ಅನಂತರ ಮಂಡಿನೋವು. ಪ್ರವಾಸ ನಿಂತರೂ ವಾರ್ಷಿಕ ಶುಲ್ಕ ನಿಲ್ಲಲಿಲ್ಲ. “ನೀನೇ ತೆಗೆದುಕೊಳ್ಳಯ್ಯ, ಕೊಟ್ಟಷ್ಟು ಕೊಡು” ಎಂದರು. ಹೊಸದನ್ನು ಕೊಳ್ಳುವುದೋ, ಮಾವನದನ್ನು ಕೊಳ್ಳುವುದೋ ಎಂಬ ಪ್ರಶ್ನೆ ಹೀಗೆ ನಮ್ಮ ಮನೆಯದೇ ಆಯಿತು.

ಟೈಮ್‌ಷೇರ್ ಎಂಬ ಈ ವ್ಯವಹಾರ ಹುಟ್ಟಿದುದು 1960ರ ದಶಕದ ಯೂರೋಪಿನಲ್ಲಿ. ಬೃಹತ್ತಾಗಿ ಬೆಳೆದುದು ಅಮೆರಿಕದಲ್ಲಿ. ವರ್ಷದ ವಾರಗಳನ್ನು ಹಂಚಿ ಒಂದೇ ಮನೆಯನ್ನು ಹಲವರಿಗೆ ಮಾರುವುದೇ ಇದರ ಗುಟ್ಟು. ಈಗ ಅನೇಕ ಕಡೆ ವಾರಗಳ ಬದಲು ‘ಪಾಯಿಂಟು’ಗಳನ್ನು ಮಾರುತ್ತಾರೆ. ಕಂಪೆನಿ ಹೇಳುವ ಬೆಲೆಯಲ್ಲಿ ಮನೆಯ ಮೌಲ್ಯವಷ್ಟೇ ಅಲ್ಲ, ಆ ಹೋಟೆಲಿನ ಬಾಡಿಗೆ, ಉಡುಗೊರೆ, ತರುಣನ ಕಮಿಷನ್, ಜಾಹೀರಾತು ಎಲ್ಲವೂ ಸೇರಿರುತ್ತವೆ. ಸಹಿ ಹಾಕಿದ ಮರುದಿನ ಮಾರಹೊರಟರೆ ಆ ಭಾಗಕ್ಕೆ ಗಿರಾಕಿಯಿಲ್ಲ. ಅಮೆರಿಕದಲ್ಲಿ ಕೇವಲ ಒಂದು ಡಾಲರಿಗೆ ತಮ್ಮ ವಾರವನ್ನು ಹರಾಜಿಗಿಟ್ಟವರೂ ಉಂಟು. ಅವರಿಗೆ ಬೇಕಾದುದು ಆ ಡಾಲರಲ್ಲ, ವಾರ್ಷಿಕ ಶುಲ್ಕದಿಂದ ಬಿಡುಗಡೆ.

ಹಾಗಾದರೆ ಕೈಬದಲಾದುದನ್ನು ಕೊಳ್ಳುವುದೇ ಜಾಣತನವೆ? ಬೆಲೆಯ ಮಟ್ಟಿಗೆ ಹೌದು. ಹಕ್ಕುಗಳ ಮಟ್ಟಿಗೆ ಯೋಚಿಸಬೇಕು. 1991ರಲ್ಲಿ ಆರಂಭವಾದ ಡಿಸ್ನಿ ಕಂಪೆನಿಯ ರಜಾ ಕ್ಲಬ್ಬನ್ನು ನೋಡಿ. ಸದಸ್ಯನು ತನ್ನ ಪಾಯಿಂಟುಗಳನ್ನು ಮಾರಬಹುದು. ಆದರೆ ಒಪ್ಪಿದ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು ಕಂಪೆನಿಯದು. ಹಳೆಯ ಹದಿನಾಲ್ಕು ವಸತಿಗಳ ಪಾಯಿಂಟುಗಳನ್ನು 2019ರ ಜನವರಿ 19ರಿಂದೀಚೆಗೆ ಅನ್ಯರಿಂದ ಕೊಂಡವರು, ಅದೇ ವರ್ಷ ಫ್ಲಾರಿಡಾದಲ್ಲಿ ತೆರೆದ ರಿವಿಯೆರಾ ವಸತಿಯಲ್ಲಿ ಅವನ್ನು ಬಳಸುವಂತಿಲ್ಲ. ರಿವಿಯೆರಾದ ಪಾಯಿಂಟುಗಳನ್ನೇ ಹಾಗೆ ಕೊಂಡವರಿಗೆ ಕ್ಲಬ್ಬಿನ ಬೇರೆ ವಸತಿಗಳು ಇಲ್ಲ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಹಾಗಾಗಬಾರದು.

ಕಂಪೆನಿಯಿಂದ ಕೊಂಡವನಿಗೆ ಮನಸ್ಸು ಬದಲಿಸಲು ಫ್ಲಾರಿಡಾದ ಕಾನೂನು ಹತ್ತು ದಿನಗಳನ್ನೂ, ಐರೋಪ್ಯ ಒಕ್ಕೂಟದ 2009ರ ನಿರ್ದೇಶನವು ಹದಿನಾಲ್ಕು ದಿನಗಳನ್ನೂ ಕೊಡುತ್ತವೆ. ಮಾರುವವರನ್ನು ಕಾಡುವ ಮೋಸ ಬೇರೆ: “ಗಿರಾಕಿ ಸಿದ್ಧನಿದ್ದಾನೆ, ಮೊದಲು ಶುಲ್ಕ ಕಟ್ಟಿ” ಎನ್ನುವ ದಲ್ಲಾಳಿಗಳು. ಇವರ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಸಿದೆ. ಮಾರಾಟಕ್ಕೆ ಮೊದಲೇ ಹಣ ಪಡೆಯುವುದನ್ನು ಆ ಐರೋಪ್ಯ ನಿರ್ದೇಶನವು ನಿಷೇಧಿಸಿದೆ.

ನಮ್ಮಲ್ಲಿ ಕೊಳ್ಳುವವರು ನಾಲ್ಕು ವಿಷಯಗಳನ್ನು ಕಂಪೆನಿಯಿಂದಲೇ ಬರಹದಲ್ಲಿ ಪಡೆಯಲಿ: ಉಳಿದಿರುವ ವರ್ಷಗಳೆಷ್ಟು, ಬಾಕಿ ಶುಲ್ಕವೆಷ್ಟು, ಹೆಸರು ವರ್ಗಾವಣೆಗೆ ಏನು ಖರ್ಚು, ಹೊಸಬನಿಗೆ ಯಾವ ಹಕ್ಕು ಬರುವುದಿಲ್ಲ. ಅನಂತರ ವಾರ್ಷಿಕ ಶುಲ್ಕವನ್ನು ಉಳಿದ ವರ್ಷಗಳಿಂದ ಗುಣಿಸಿ, ಕಾಲಕಾಲಕ್ಕೆ ಅದು ಏರುವುದನ್ನೂ ನೆನೆದು, ಅಷ್ಟೇ ದಿನ ಹೋಟೆಲಿನಲ್ಲಿ ತಂಗುವ ಖರ್ಚಿನೊಡನೆ ತೂಗಿ ನೋಡಲಿ. ಹೊಸದಾಗಲಿ ಹಳೆಯದಾಗಲಿ, ಈ ಲೆಕ್ಕ ತಪ್ಪದು.

ನಾವೂ ಲೆಕ್ಕ ಹಾಕಿದೆವು. ಮಗಳ ಓದಿಗೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿಯೇ ಉಳಿಯಿತು. ಹೊಸದನ್ನೂ ಕೊಳ್ಳಲಿಲ್ಲ, ಮಾವನದನ್ನೂ ಕೊಳ್ಳಲಿಲ್ಲ. ಆದರೆ ಮಾವನ ಈ ವರ್ಷದ ಶುಲ್ಕವನ್ನು ನಾನು ಕಟ್ಟಿದ್ದೇನೆ. ದಸರೆಯ ರಜೆಯಲ್ಲಿ ಅವರ ವಾರದಲ್ಲಿ, ಅವರನ್ನೂ ಕರೆದುಕೊಂಡು, ಎಲ್ಲರೂ ಮಡಿಕೇರಿಗೆ ಹೊರಡುವವರಿದ್ದೇವೆ.