ಶ್ವಾಸಕೋಶ ಸಂಶೋಧನೆ: ಧೂಳಿನ ಸೀಮೆಯ ಯುವಜನರಿಗೊಂದು ವೃತ್ತಿಮಾರ್ಗ

ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿರುವ ರಾಂಪುರದ ಸುತ್ತಲಿನ ಬದುಕು ಹಲವು ಬಗೆಯ ಧೂಳಿನೊಂದಿಗೆ ಬೆಸೆದುಕೊಂಡಿದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಬರುವ ಶೇಂಗಾ, ರಸ್ತೆ ಕಾಮಗಾರಿಗೆ ಜಲ್ಲಿ ಒದಗಿಸುವ ಕ್ರಷರ್‌ಗಳು, ನೆರೆಯ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು, ಇವೆಲ್ಲವೂ ಸಾವಿರಾರು ಕುಟುಂಬಗಳಿಗೆ ಅನ್ನ ನೀಡುತ್ತಿವೆ. ಇದೇ ಧೂಳು ದುಡಿಯುವವರ ಶ್ವಾಸಕೋಶದಲ್ಲಿ ಉಂಟುಮಾಡುವ ಬದಲಾವಣೆಯನ್ನು ಅಳೆದು ಹೇಳಬಲ್ಲ ತಜ್ಞರು ಇಂದು ಅತ್ಯಗತ್ಯವಾಗಿದ್ದಾರೆ.

ರೋಗದ ಸ್ವರೂಪ

ಕಲ್ಲು ಒಡೆಯುವಾಗ ಏಳುವ ಸೂಕ್ಷ್ಮ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಗಳನ್ನುಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತಾರು ವರ್ಷಗಳ ಬಳಿಕ ಪ್ರಕಟವಾಗುವ ಈ ರೋಗವನ್ನು ಗುಣಪಡಿಸುವ ಔಷಧಿಯಿಲ್ಲ. ಇದು ಕ್ಷಯದ ಅಪಾಯವನ್ನೂ ಹೆಚ್ಚಿಸುತ್ತದೆ. ಶೇಂಗಾ ಸುಲಿಯುವ ಧೂಳಿನಲ್ಲಿ ಶಿಲೀಂಧ್ರದ ಬೀಜಾಣುಗಳಿರುತ್ತವೆ. ರೇಷ್ಮೆ ನೂಲು ಬಿಚ್ಚುವವರಲ್ಲಿ ಅಲರ್ಜಿಯ ಅಸ್ತಮಾ ಕಂಡುಬರುತ್ತದೆ. 2018ರಲ್ಲಿ ಪ್ರಕಟವಾದ ಅಂದಾಜಿನಂತೆ, ದೇಶದಲ್ಲಿ ದೀರ್ಘಕಾಲಿಕ ಶ್ವಾಸಮಾರ್ಗ ತಡೆ ರೋಗಕ್ಕೆ ತುತ್ತಾದವರ ಸಂಖ್ಯೆ 1990ರಲ್ಲಿ 2.81 ಕೋಟಿಯಿದ್ದು, 2016ರಲ್ಲಿ 5.53 ಕೋಟಿಗೇರಿತ್ತು.

ವಿದ್ಯಾರ್ಹತೆ ಮತ್ತು ಮಾರ್ಗಗಳು

ಈ ಕ್ಷೇತ್ರಕ್ಕೆ ವೈದ್ಯರೇ ಬೇಕೆಂದಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಮೂರು ವರ್ಷಗಳ ಎಂ.ಡಿ. ಶ್ವಾಸಕೋಶ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಬಹುದು. ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಪಡೆದವರು ರಾಷ್ಟ್ರಮಟ್ಟದ ಕಿರಿಯ ಸಂಶೋಧನಾ ಶಿಷ್ಯವೇತನ ಪರೀಕ್ಷೆಯ ಮೂಲಕ ಪಿಎಚ್.ಡಿ.ಗೆ ಸೇರಬಹುದು. 2023ರ ಪರಿಷ್ಕರಣೆಯಂತೆ ಈ ವೇತನವು ಮಾಸಿಕ 37,000 ರೂಪಾಯಿ. ಕಾರ್ಖಾನೆ ವೈದ್ಯರಾಗಬಯಸುವವರಿಗೆ ಕೈಗಾರಿಕಾ ಆರೋಗ್ಯದಲ್ಲಿ ಮೂರು ತಿಂಗಳ ಪ್ರಮಾಣಪತ್ರ ತರಬೇತಿಯಿದೆ.

ಪ್ರಮುಖ ಸಂಸ್ಥೆಗಳು

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಗ್ರಾಮಗಳಲ್ಲಿ ಮನೆಮನೆಗೆ ತೆರಳಿ ನಡೆಸಿದ ಸಮೀಕ್ಷೆಗಳಿಂದ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಬುನಾದಿ ಹಾಕಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ವೃತ್ತಿ ಆರೋಗ್ಯ ಕೇಂದ್ರವೂ ಬೆಂಗಳೂರಿನಲ್ಲಿದ್ದು, ದುಡಿಮೆಯ ಸ್ಥಳದ ರೋಗಗಳನ್ನು ಅಧ್ಯಯನ ಮಾಡುತ್ತದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವುದು ಈ ಸೀಮೆಯ ವಿದ್ಯಾರ್ಥಿಗಳಿಗೆ ವಿಜ್ಞಾನವು ದೂರದ ಮಾತಲ್ಲವೆಂಬುದನ್ನು ನೆನಪಿಸುತ್ತದೆ.

ಉದ್ಯಮಿಗಳ ಪಾತ್ರ

ಸಂಶೋಧಕನಿಗೆ ಬೇಕಾದ ಮೊದಲ ಸಾಮಗ್ರಿ ಕಾರ್ಮಿಕನ ಆರೋಗ್ಯ ದಾಖಲೆ. ಕೆಲಸಕ್ಕೆ ಸೇರುವ ದಿನವೇ ಸ್ಪೈರೋಮೀಟರ್ ಯಂತ್ರದಲ್ಲಿ ಉಸಿರಿನ ಸಾಮರ್ಥ್ಯವನ್ನು ಅಳೆದು ಬರೆದಿಟ್ಟರೆ, ಐದು ವರ್ಷಗಳ ಬಳಿಕ ಹೋಲಿಸಲು ಆಧಾರ ದೊರೆಯುತ್ತದೆ. ಆ ದಾಖಲೆಯಿಲ್ಲದಿದ್ದರೆ ಹಾನಿಯಾದದ್ದು ಯಾವಾಗ, ಯಾವುದರಿಂದ ಎಂಬುದು ತಿಳಿಯುವುದೇ ಇಲ್ಲ. ತಪಾಸಣೆ ನಡೆದರೆ ತೊಂದರೆಯಾದೀತೆಂದು ಬಾಗಿಲು ಮುಚ್ಚುವ ಮಾಲೀಕರೂ ಉಂಟು. ಆದರೆ ಸಿಲಿಕೋಸಿಸ್ ಕಾನೂನಿನಂತೆ ವರದಿ ಮಾಡಲೇಬೇಕಾದ ರೋಗ. ಮುಚ್ಚಿಟ್ಟ ಮಾತ್ರಕ್ಕೆ ಹೊಣೆ ತಪ್ಪದು. ಕಲ್ಲಿಗೆ ನೀರು ಚಿಮುಕಿಸುವುದು, ಯಂತ್ರಕ್ಕೆ ಮುಚ್ಚಳಿಕೆ ಹಾಕುವುದು ಮುಂತಾದ ಕ್ರಮಗಳಿಂದ ಧೂಳು ಎಷ್ಟು ತಗ್ಗಿತೆಂಬುದನ್ನು ತೋರಿಸಿಕೊಡುವುದೂ ಅಳತೆಯೇ. ನುರಿತ ಕೈ ನಲವತ್ತರ ಹರೆಯದಲ್ಲೇ ಕೆಲಸ ಬಿಟ್ಟರೆ ನಷ್ಟ ಮನೆಗೂ ಉದ್ಯಮಕ್ಕೂ ಸಮಾನ.

ಸ್ಥಳೀಯ ಪ್ರತಿಭಾವಂತ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ, ಸಂಶೋಧಕರಿಗೆ ಗಿರಣಿಯೊಳಗೆ ಪ್ರವೇಶ, ಇವೆರಡನ್ನು ವರ್ತಕ ಬಂಧುಗಳು ಒದಗಿಸಿದಲ್ಲಿ ಈ ಸೀಮೆಯ ಧೂಳಿನ ಲೆಕ್ಕವನ್ನು ಈ ಸೀಮೆಯ ಮಕ್ಕಳೇ ಬರೆಯುವರು.