'ಹೈ ಹಜಾರ್ಡ್' ಅಣೆಕಟ್ಟು ಎಂದರೆ ಇನ್ನೇನು ಒಡೆಯಲಿದೆ ಎಂದರ್ಥವೇ?

ಅಮೆರಿಕದ ಯಾವುದೋ ಹಳ್ಳಿಯ ಪಕ್ಕ ಹುಲ್ಲು ಬೆಳೆದ ಮಣ್ಣಿನ ಏರಿ. ಫೋಟೊ ಕೆಳಗೆ 'ಹೈ ಹಜಾರ್ಡ್ ಡ್ಯಾಮ್' ಎಂಬ ಒಂದು ಸಾಲು. ಇಂಥದ್ದು ಮೊಬೈಲಿಗೆ ಬಂದರೆ ಇವತ್ತೋ ನಾಳೆಯೋ ಒಡೆಯುತ್ತದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಮಾತಿನ ಅರ್ಥ ಅದಲ್ಲ.

ಈ ಸಣ್ಣ ಅಣೆಕಟ್ಟುಗಳ ಕೆಲಸವೇನು?

ಹಳ್ಳಗಳಲ್ಲಿ ಪ್ರವಾಹ ತಡೆಯಲು ಅಮೆರಿಕದ ಕೇಂದ್ರ ಸರ್ಕಾರದ ನೆರವಿನಿಂದ 11,000ಕ್ಕೂ ಹೆಚ್ಚು ಸಣ್ಣ ಅಣೆಕಟ್ಟುಗಳನ್ನು ಕಟ್ಟಲಾಗಿದೆ. ಮೊದಲನೆಯದು 1948ರಲ್ಲಿ ಒಕ್ಲಹೋಮ ರಾಜ್ಯದ ಕಾರ್ಡೆಲ್ ಬಳಿ ಮುಗಿಯಿತು. ನಮ್ಮ ಕೆರೆಗಳಂತೆ ಇವಕ್ಕೂ ಏರಿ, ತೂಬು, ಕೋಡಿ ಇರುತ್ತವೆ. ಆದರೆ ಇವು ಮುಖ್ಯವಾಗಿ ನೀರು ಕೂಡಿಡಲು ಅಲ್ಲ. ಜೋರು ಮಳೆಯ ನೀರನ್ನು ಹಿಡಿದಿಟ್ಟು, ಏರಿಯ ಅಡಿಯ ಕೊಳವೆಯಿಂದ ನಿಧಾನವಾಗಿ ಹೊರಬಿಡುತ್ತವೆ. ಅದಕ್ಕೂ ಮೀರಿ ನೀರು ಬಂದರೆ ಪಕ್ಕದ ಕೋಡಿಯಲ್ಲಿ ಹರಿದುಹೋಗುತ್ತದೆ.

ವರ್ಗ ಹೇಗೆ ನಿರ್ಧಾರವಾಗುತ್ತದೆ?

ಅಲ್ಲಿ ಅಣೆಕಟ್ಟುಗಳಿಗೆ ಮೂರು ವರ್ಗ. ಒಡೆದರೆ ಜೀವಹಾನಿ ಆಗುವ ಸಾಧ್ಯತೆ ಇದ್ದರೆ 'ಹೈ'. ಜೀವಹಾನಿ ಇಲ್ಲದಿದ್ದರೂ ರಸ್ತೆ, ಆಸ್ತಿಗೆ ದೊಡ್ಡ ನಷ್ಟವಾಗುವಂತಿದ್ದರೆ 'ಸಿಗ್ನಿಫಿಕೆಂಟ್'. ನಷ್ಟ ಕಡಿಮೆಯಾದರೆ 'ಲೋ'.

ಎರಡು ತೆಂಗಿನಮರ ನೆನೆಸಿಕೊಳ್ಳಿ. ಎರಡೂ ಅಷ್ಟೇ ಗಟ್ಟಿ. ಒಂದು ಹೊಲದ ನಡುವೆ ಇದೆ, ಇನ್ನೊಂದು ಶಾಲೆಯ ಅಂಗಳದಲ್ಲಿ. ಬಿದ್ದರೆ ಆಗುವ ಅನಾಹುತ ಮಾತ್ರ ಬೇರೆ. ವರ್ಗ ಹೇಳುವುದು ಇದನ್ನೇ. ಏರಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ತಪಾಸಣೆ ಮಾಡಿ ಬೇರೆಯಾಗಿ ದಾಖಲಿಸುತ್ತಾರೆ.

ಅಣೆಕಟ್ಟು ಬದಲಾಗದೆ ವರ್ಗ ಬದಲಾಗಬಹುದೇ?

ಆಗುತ್ತದೆ, ನಿಜವಾದ ಸಮಸ್ಯೆ ಇರುವುದೂ ಇಲ್ಲೇ. ಕಟ್ಟುವಾಗ ಕೆಳಗೆ ಬರೀ ಹೊಲಗಳಿದ್ದವು, 'ಲೋ' ಸಾಕಾಗಿತ್ತು. ಹಳ್ಳ ಉಕ್ಕುವುದು ನಿಂತ ಮೇಲೆ ಜನ ಧೈರ್ಯವಾಗಿ ಅಲ್ಲೇ ಮನೆ ಕಟ್ಟಿದರು. ಈಗ ಅದೇ ಏರಿ 'ಹೈ'. ಆದರೆ 'ಹೈ' ವರ್ಗದ ಕೋಡಿ ಆ ಪ್ರದೇಶದಲ್ಲಿ ಊಹಿಸಬಹುದಾದ ಅತಿ ದೊಡ್ಡ ಮಳೆಯನ್ನೂ ತಾಳಬೇಕು. ಹಳೆಯ ಕೋಡಿಯನ್ನು ಕಟ್ಟಿದ್ದು ಅಷ್ಟು ನೀರಿಗಲ್ಲ. ಮಣ್ಣಿನ ಏರಿಯ ಮೇಲೆಯೇ ನೀರು ಹರಿದರೆ ಮಣ್ಣು ಕೊಚ್ಚಿಹೋಗಿ ಏರಿ ಒಡೆಯಬಹುದು. ಹೀಗಾಗಿ 'ಹೈ' ಎಂದರೆ ಗಾಬರಿಪಡಿ ಎಂದಲ್ಲ. ಹೆಚ್ಚು ತಪಾಸಣೆ, ದುರಸ್ತಿ, ಜನರನ್ನು ತೆರವು ಮಾಡುವ ಯೋಜನೆ ಬೇಕು ಎಂದು.

ಸಣ್ಣದಾದರೆ ಅಪಾಯವಿಲ್ಲವೇ?

ಇದೂ ತಪ್ಪು ನಂಬಿಕೆ. ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಪ್ರವಾಹ ತಡೆಗೆ ಕಟ್ಟಿದ್ದಲ್ಲ, ಆದರೆ ಅದೂ ಮಣ್ಣಿನದೇ. ಎತ್ತರ ಸುಮಾರು 12 ಮೀಟರ್. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಅದು ಒಡೆದು, ಕೆಳಗಿದ್ದ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು. ಆ ಬಳಿಕವೇ ಅಧ್ಯಕ್ಷ ಜಿಮ್ಮಿ ಕಾರ್ಟರ್, ಕೇಂದ್ರ ಸರ್ಕಾರಕ್ಕೆ ಸೇರದ 'ಹೈ ಹಜಾರ್ಡ್' ಅಣೆಕಟ್ಟುಗಳ ತಪಾಸಣೆಗೆ ಆದೇಶಿಸಿದರು.

ನಮಗೇನು ಸಂಬಂಧ?

ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಇದ್ದರೆ ಕೆಲವು ಷರತ್ತುಗಳಿವೆ. ಅದಕ್ಕಿಂತ ಗಿಡ್ಡಗಿರುವ ಊರ ಕೆರೆಯ ಏರಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಊರವರ ಕಣ್ಣೇ ಮೊದಲ ಕಾವಲು.

ಏರಿಯ ಹಿಂಬದಿಯಲ್ಲಿ ತಿಳಿನೀರು ಜಿನುಗುತ್ತಿದ್ದರೂ ಗಮನಿಸಿ. ಜಿನುಗು ಹೆಚ್ಚಾದರೆ ಅಥವಾ ಕೆಂಪಾಗಿ, ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ತಿಳಿದು ತಕ್ಷಣ ಪಂಚಾಯಿತಿಗೆ ತಿಳಿಸಿ, ಕೆಳಗಿನ ಮನೆಯವರನ್ನು ಎಚ್ಚರಿಸಿ. ಏರಿಯ ಮೇಲೆ ಬಿರುಕು, ಕುಸಿತ, ಹೆಗ್ಗಣದ ಬಿಲ, ದೊಡ್ಡ ಮರ ಕಂಡರೂ ಸುಮ್ಮನಿರಬೇಡಿ. ಕೋಡಿಯ ದಾರಿಗೆ ಯಾರೂ ಮಣ್ಣು ತುಂಬದಂತೆ ನೋಡಿಕೊಳ್ಳಿ.

ಮುಂದೆ 'ಹೈ ಹಜಾರ್ಡ್' ಎಂಬ ಫಾರ್ವರ್ಡ್ ಬಂದರೆ ಹಂಚುವ ಮೊದಲು ಎರಡು ಪ್ರಶ್ನೆ ಕೇಳಿ: ಏರಿಯ ಸ್ಥಿತಿ ಹೇಗಿದೆ? ಅದರ ಕೆಳಗೆ ಯಾರಿದ್ದಾರೆ? ವರ್ಗ ಹೇಳುವುದು ಎರಡನೆಯದಕ್ಕೆ ಮಾತ್ರ ಉತ್ತರ.