ಹೆಗಲ ಮೇಲಿನ ಕೈ

ಬೆಳಗಿನ ಅಭಿಷೇಕ ಮುಗಿದ ಬಳಿಕ ದಿಗಂಬರ ಮುನಿಗಳು ಬಸದಿಯಿಂದ ಹೊರಬರುತ್ತಾರೆ. ಎಡಗೈಯಲ್ಲಿ ಪಿಂಛಿ ಮತ್ತು ಕಮಂಡಲು. ಬಲಗೈಯ ಬೆರಳುಗಳು ಒಂದುಗೂಡಿ ಹೆಗಲ ಮೇಲಿವೆ. ಮುನಿಗಳು ಆಹಾರಚರ್ಯೆಗೆ ಹೊರಟರೆಂಬುದನ್ನು ಶ್ರಾವಕರಿಗೆ ತಿಳಿಸಲು ಆ ಮುದ್ರೆಯೊಂದೇ ಸಾಕು. ಚಾಚಿದ ಕೈ ಬೇಡುತ್ತದೆ. ಹೆಗಲಿಗೇರಿದ ಕೈ ಬೇಡುವುದಿಲ್ಲ.

ಹೊರಡುವ ಮುನ್ನ ಮುನಿಗಳು ಮನಸ್ಸಿನಲ್ಲೇ ಒಂದು ನಿಯಮವನ್ನು ಕೈಗೊಳ್ಳುವುದುಂಟು. ಕಲಶ ಹಿಡಿದವರು ಎದುರಾದರೆ ಮಾತ್ರ ನಿಲ್ಲುವುದು, ದಂಪತಿಗಳು ಜೊತೆಯಾಗಿ ನಿಂತಿದ್ದರೆ ಮಾತ್ರ ಒಳಹೋಗುವುದು, ಹೀಗೆ. ಇದು ವೃತ್ತಿಪರಿಸಂಖ್ಯಾನವೆಂಬ ಬಾಹ್ಯ ತಪಸ್ಸು. ಆ ನಿಯಮವನ್ನು ಯಾರಿಗೂ ಹೇಳುವಂತಿಲ್ಲ. ಆದುದರಿಂದಲೇ ಶ್ರಾವಕರು ಮಡಿಯುಟ್ಟು, ಒಬ್ಬರು ಕಲಶ, ಒಬ್ಬರು ತೆಂಗಿನಕಾಯಿ, ಮತ್ತೊಬ್ಬರು ಹಣ್ಣು ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ‘ನಮೋಸ್ತು, ಅತ್ರ ತಿಷ್ಠ ತಿಷ್ಠ’ ಎಂಬ ಪ್ರತಿಗ್ರಹದ ಮಾತು ಈಚೆಗೆ ಕೆಲವೆಡೆ ಪೈಪೋಟಿಯ ಕೂಗಾಗಿರುವುದು ಖೇದಕರ. ಮುನಿಗಳು ನಿಂತರೆ ಒಪ್ಪಿದರೆಂದು ಅರ್ಥ. ನಿಯಮ ಕೂಡಿಬರದಿದ್ದರೆ ಮರಳಿ ಹೋಗುತ್ತಾರೆ, ಅಂದು ಉಪವಾಸ.

ದೇಹದ ಈ ಭಾಷೆಯನ್ನು ಲೋಕ ಅರಿಯದಿದ್ದ ಕಾಲವೊಂದಿತ್ತು. ದೀಕ್ಷೆ ವಹಿಸಿದ ಆದಿನಾಥ ಸ್ವಾಮಿಯು ಆರು ತಿಂಗಳು ಕಾಯೋತ್ಸರ್ಗದಲ್ಲಿ ನಿಂತು, ಅನಂತರ ಆಹಾರಕ್ಕಾಗಿ ಸಂಚರಿಸಿದನು. ಮೌನವಾಗಿ ಬಾಗಿಲಿಗೆ ಬಂದ ಮಹಾಪುರುಷನನ್ನು ಕಂಡು ಜನರು ಕಂಗೆಟ್ಟರು. ಆನೆ, ಕುದುರೆ, ರತ್ನಗಳನ್ನು ತಂದರು. ಕನ್ಯೆಯರನ್ನೂ ಅರ್ಪಿಸಲು ಬಂದರು. ಒಂದು ತುತ್ತು ಅನ್ನ ನೀಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸ್ವಾಮಿಯು ಒಂದು ಸನ್ನೆಯಿಂದಲೂ ತಿಳಿಸಲಿಲ್ಲ. ಹೀಗೆ ಒಂದು ವರ್ಷ ಮೀರಿತು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನಿಗೆ ಸ್ವಾಮಿಯನ್ನು ಕಂಡೊಡನೆ ಜಾತಿಸ್ಮರಣೆಯಾಯಿತು. ಶ್ರೀಮತಿಯಾಗಿದ್ದ ಭವದಲ್ಲಿ, ವಜ್ರಜಂಘನೊಡನೆ ಚಾರಣ ಮುನಿಗಳಿಗೆ ಆಹಾರವಿತ್ತ ವಿಧಿ ನೆನಪಾಯಿತು. ಅವನು ಕಬ್ಬಿನ ರಸವನ್ನು ನೀಡಿದನು. ಸ್ವಾಮಿಯ ಎರಡು ಕೈಗಳು ಬೊಗಸೆಯಾದವು. ಅಕ್ಷಯ ತೃತೀಯೆ ಅದೇ ದಿನದ ಸ್ಮರಣೆ.

ಇಂದಿಗೂ ಮುನಿಗಳು ಆ ಬೊಗಸೆಯಲ್ಲೇ ಉಣ್ಣುತ್ತಾರೆ, ನಾಲ್ಕು ಅಂಗುಲದ ಅಂತರದಲ್ಲಿ ಪಾದಗಳನ್ನಿರಿಸಿ, ನಿಂತೇ. ನಿಂತು ಉಣ್ಣುವುದು, ದಿನಕ್ಕೊಮ್ಮೆ ಉಣ್ಣುವುದು ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿವೆ. ಕಾಲುಗಳಲ್ಲಿ ನಿಲ್ಲುವ ಬಲ ಉಡುಗಿದಾಗ, ಆಹಾರವನ್ನು ತೊರೆಯುವ ಕಾಲ ಸಮೀಪಿಸಿತೆಂದು ದೇಹವೇ ನುಡಿಯುತ್ತದೆ.

ತುತ್ತಿನಲ್ಲಿ ಒಂದು ಕೂದಲೋ ಸತ್ತ ಇರುವೆಯೋ ಕಂಡರೆ ಅಂತರಾಯ. ಮುನಿಗಳು ಏನನ್ನೂ ಹೇಳುವುದಿಲ್ಲ, ಯಾರತ್ತಲೂ ನೋಡುವುದಿಲ್ಲ. ಜೋಡಿಸಿದ ಬೊಗಸೆಯನ್ನು ಬಿಡಿಸುತ್ತಾರೆ, ಅಷ್ಟೆ. ಮರುದಿನದವರೆಗೆ ನೀರೂ ಇಲ್ಲ. ನಸುಕಿನಲ್ಲೆದ್ದು ಬಾವಿಯ ನೀರನ್ನು ಸೋಸಿ ತಂದು, ಧಾನ್ಯವನ್ನು ಕಾಳುಕಾಳಾಗಿ ಆರಿಸಿ ಅಡುಗೆ ಮಾಡಿದ ಗೃಹಿಣಿ ತುಂಬಿದ ಪಾತ್ರೆಗಳ ನಡುವೆ ಕಣ್ಣೀರಿಡುತ್ತಾಳೆ. ಅವಳೆದುರು ಮುನಿಗಳು ಪಿಂಛಿಯನ್ನೆತ್ತುತ್ತಾರೆ. ಆಹಾರ ನಿರಂತರಾಯವಾಗಿ ಮುಗಿದ ಮನೆಯಲ್ಲಿ ಎತ್ತುವಷ್ಟೇ ಎತ್ತರಕ್ಕೆ, ಅದೇ ಶಾಂತ ಮುಖದಿಂದ.